ಹಳೇ ಯೆಜ್ಡಿ ಓಡುತ್ತೆ ಸರಿ, ನಿಲ್ಲುತ್ತಾ?

ಸಾಗರ ಪೇಟೆಯಲ್ಲಿ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಒಂದು ಹಳೇ ಯೆಜ್ಡಿ ಹಾದುಹೋಗಲಿ, ನೋಡಿ. ಸಾಮಾನು ತೂಗುತ್ತಿದ್ದ ಕೈ ಅಲ್ಲೇ ನಿಲ್ಲುತ್ತದೆ. ಬಸ್ಸಿಗೆ ಕಾದು ನಿಂತವರು ಕತ್ತು ತಿರುಗಿಸುತ್ತಾರೆ. ಲಕ್ಷಾಂತರ ರೂಪಾಯಿಯ ಹೊಸ ಗಾಡಿ ಹೋದರೂ ಇಷ್ಟು ಮರ್ಯಾದೆ ಸಿಗುವುದಿಲ್ಲ. ಎರಡು ಸೈಲೆನ್ಸರ್, ಕಿಕ್ಕರ್ ಮತ್ತು ಗೇರು ಎರಡೂ ಒಂದೇ ಪೆಡಲ್ಲು, ದೂರದಿಂದಲೇ ಗುರುತು ಸಿಗುವ ಶಬ್ದ. ಮಲೆನಾಡಿನ ಒಂಟಿಮನೆಗಳಲ್ಲಿ ಯಜಮಾನರ ಗಾಡಿ ತಿರುವಿನಲ್ಲಿ ಕೇಳಿಸಿದರೆ ಒಳಗೆ ಬಚ್ಚಲೊಲೆಗೆ ಕಟ್ಟಿಗೆ ಬೀಳುತ್ತಿತ್ತು. ಅಂಥಾ ಗುರುತು ಆ ಶಬ್ದದ್ದು.

ಈಗ ಆ ಗಾಡಿಗಳಿಗೆ ಮತ್ತೆ ಶುಕ್ರದೆಸೆ. ಅಜ್ಜನ ಕಾಲದ್ದು ಕೊಟ್ಟಿಗೆಯಲ್ಲಿ ಸೊಪ್ಪಿನ ಅಡಿ ಬಿದ್ದಿತ್ತು ಅಂತ ಮೊಮ್ಮಗ ಎಳೆದು ತೆಗೆಯುತ್ತಾನೆ. ಬಣ್ಣ ಹೊಡೆಸುತ್ತಾನೆ, ಕ್ರೋಮ್ ಮಾಡಿಸುತ್ತಾನೆ. ಭಾನುವಾರ ಬಂತೆಂದರೆ ಜೋಗ, ಸಿಗಂದೂರು, ಕವಲೇದುರ್ಗ, ಆಗುಂಬೆ ಅಂತ ಹೊರಡುತ್ತಾನೆ. ಹೋಗಲಿ, ಬೇಡ ಎನ್ನುವವರು ಯಾರು? ಆದರೆ ಹೊರಡುವ ಮುಂಚೆ ಒಂದು ಪ್ರಶ್ನೆಗೆ ಉತ್ತರ ಹೇಳಲಿ. ಗಾಡಿ ಓಡುತ್ತೆ ಸರಿ ಮಾರಾಯ್ರೆ, ನಿಲ್ಲುತ್ತಾ?

ಮೈಸೂರಿನ ಕೂಸು

ಯೆಜ್ಡಿ ಎಂದರೆ ಪರದೇಶಿ ಅಲ್ಲ, ನಮ್ಮ ರಾಜ್ಯದ್ದೇ ಕೂಸು. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ತಂದು ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾದದ್ದು 1960-61ರಲ್ಲಿ. ಮೊದಲು ಜಾವಾ ಎಂದೇ ಹೆಸರು. 1970ರ ದಶಕದಲ್ಲಿ ಯೆಜ್ಡಿ ಆಯಿತು. 1978ರಿಂದ ರೋಡ್‌ಕಿಂಗ್ ಬಂತು. 250 ಸಿ.ಸಿ., ಎರಡು ಸ್ಟ್ರೋಕಿನ ಇಂಜಿನ್, ಹಿಂದೆ ಮುಂದೆ ಎರಡೂ ಡ್ರಮ್ ಬ್ರೇಕು. 1996ರಲ್ಲಿ ಕಾರ್ಖಾನೆಗೆ ಬಾಗಿಲು ಬಿತ್ತು.

ಲೆಕ್ಕ ಹಾಕಿ. ಆ ಮನೆತನದ ಅತಿ ಎಳೆಯ ಗಾಡಿಗೂ ಈಗ ಮೂವತ್ತರ ಆಸುಪಾಸು. ರಸ್ತೆಯಲ್ಲಿ ಕಾಣುವ ಎಷ್ಟೋ ಗಾಡಿಗಳಿಗೆ ನಲವತ್ತು, ಐವತ್ತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನಲ್ಲಿ ಮತ್ತೆ ಹೊಸ ಗಾಡಿ ಬಂದಿವೆ, ನಿಜ. ಅವು ನಾಲ್ಕು ಸ್ಟ್ರೋಕಿನವು, ಡಿಸ್ಕ್ ಬ್ರೇಕಿನವು. ಹೆಸರೊಂದೇ, ಜಾತಕ ಬೇರೆ. ಇಲ್ಲಿ ನಾನು ಹೇಳುತ್ತಿರುವುದು ಹಳೇ ಮುದುಕನ ವಿಚಾರ.

ನಾನು ಬಿದ್ದ ಕತೆ

ಊರಿಗೆ ಬುದ್ಧಿ ಹೇಳುವ ಮುಂಚೆ ನನ್ನ ದಡ್ಡತನ ಹೇಳಿಬಿಡುತ್ತೇನೆ. ಕೆಲವು ವರ್ಷದ ಕೆಳಗೆ ನಾನೂ ಒಂದು ಹಳೇ ರೋಡ್‌ಕಿಂಗ್ ತಗೊಂಡೆ. ವರದಿಗೆ ಮೂರು ತಾಲ್ಲೂಕು ಸುತ್ತುವವನು, ಸಾಗರದಿಂದ ಹೊಸನಗರ, ಅಲ್ಲಿಂದ ತೀರ್ಥಹಳ್ಳಿ, ಗಾಡಿ ಬೇಕೇ ಬೇಕು. ಕೈಯಲ್ಲಿದ್ದ ದುಡ್ಡೆಲ್ಲ ಬಣ್ಣಕ್ಕೆ, ಸೀಟಿಗೆ, ಸೈಲೆನ್ಸರಿಗೆ ಸುರಿದೆ. ಇಂಜಿನ್ ಬೋರ್ ಮಾಡಿಸಿದೆ. ಒಂದೇ ಕಿಕ್ಕಿಗೆ ಸ್ಟಾರ್ಟು. ಬ್ರೇಕ್ ಶೂ ನೋಡಿದೆನಾ? ಇಲ್ಲ. ಟೈರು? ಗೆರೆ ಇನ್ನೂ ಚೆನ್ನಾಗಿದೆಯಲ್ಲ ಅಂತ ಬಿಟ್ಟೆ.

ಆಷಾಢದ ಒಂದು ಸಂಜೆ ನಗರದಿಂದ ಹೊಸನಗರಕ್ಕೆ ಬರುತ್ತಿದ್ದೆ. ಒಂದು ಕಡೆ ಮೋರಿ ಕಟ್ಟಿಕೊಂಡು ರಸ್ತೆ ಮೇಲೆ ನೀರು, ಗಾಲಿ ಅರ್ಧ ಮುಳುಗುವಷ್ಟು. ದಾಟಿದೆ. ಇನ್ನೊಂದು ಫರ್ಲಾಂಗು ಹೋಗುವುದರೊಳಗೆ ತಿರುವು, ತಿರುವಿನಲ್ಲಿ ಎದುರಿಗೆ ಬಸ್ಸು. ಬ್ರೇಕ್ ತುಳಿದೆ. ತುಳಿದಂತೆಯೇ ಅನಿಸಲಿಲ್ಲ. ಮುಂದಿನದು ಹಿಡಿದೆ, ಕೇಬಲ್ಲು ಹಿಗ್ಗಿ ಲಿವರು ಹ್ಯಾಂಡಲ್ಲಿಗೇ ಬಂತು. ಕೊನೆಗೆ ಕಲ್ಲಿನಂಥ ಟೈರು ಪಾಚಿಯ ಮೇಲೆ ಜಾರಿ ಗಾಡಿ ಒಂದು ಕಡೆ, ನಾನು ಚರಂಡಿ ಕಡೆ.

ಬಸ್ಸಿನ ಡ್ರೈವರ್ ಹುಷಾರಿದ್ದರು, ನಿಲ್ಲಿಸಿದರು. ಕಂಡಕ್ಟರು, ಇಬ್ಬರು ಪ್ರಯಾಣಿಕರು ಇಳಿದು ಎತ್ತಿದರು. ಕಾಲರ್ ಬೋನ್ ಮುರಿದಿತ್ತು, ತಲೆಗೆ ಹೆಲ್ಮೆಟ್ ಇತ್ತು. ಅದೊಂದು ಇಲ್ಲದಿದ್ದರೆ ಈ ಕಾಲಂ ಬೇರೆಯವರು ಬರೆಯಬೇಕಿತ್ತು. ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನಿಗೆ ಘರ್ಷಣೆಯ ಪಾಠ ಆ ಚರಂಡಿಯಲ್ಲಿ ಪೂರ್ತಿಯಾಯಿತು.

ತಪ್ಪು ಯಾರದ್ದು? ಮಳೆಯದ್ದಲ್ಲ, ಬಸ್ಸಿನದ್ದಲ್ಲ, ಮೈಸೂರಿನ ಕಾರ್ಖಾನೆಯದ್ದಂತೂ ಅಲ್ಲ. ಅಂದಕ್ಕೆ ಸಾವಿರಗಟ್ಟಲೆ ಸುರಿದು, ಕೆಲವು ನೂರು ರೂಪಾಯಿಯ ಕೇಬಲ್ಲಿಗೆ ಜಿಪುಣತನ ಮಾಡಿದ ನನ್ನದೇ.

ಮೇಸ್ತ್ರಿ ಮೊದಲು ನೋಡಿದ್ದು ಗಾಲಿ

ಕೈ ಸರಿಯಾದ ಮೇಲೆ ಗಾಡಿಯನ್ನು ತೀರ್ಥಹಳ್ಳಿಯ ಹಿರಿಯ ಮೇಸ್ತ್ರಿಯೊಬ್ಬರ ಹತ್ತಿರ ಬಿಟ್ಟೆ. ನಾನು ಇಂಜಿನ್ ಶಬ್ದ ಕೇಳಿ ಅಂತ ಕಿಕ್ ಹೊಡೆಯಲು ಹೋದರೆ ಅವರು ಕೈಯಲ್ಲೇ ತಡೆದರು. ನಡುವಿನ ಸ್ಟ್ಯಾಂಡು ಹಾಕಿಸಿ ಮುಂದಿನ ಗಾಲಿ ಎತ್ತಿ ತಿರುಗಿಸಿದರು. ಸ್ಕ್ರೂ ಡ್ರೈವರಿನಿಂದ ಒಂದೊಂದೇ ಕಡ್ಡಿ ತಟ್ಟಿದರು. ಬಿಗಿಯಾದ ಕಡ್ಡಿ ಟಣ್ ಅನ್ನುತ್ತದೆ, ಸಡಿಲವಾದದ್ದು ಡಬ್ ಅನ್ನುತ್ತದೆ. ನನ್ನ ಗಾಲಿಯಲ್ಲಿ ನಾಲ್ಕು ಡಬ್. ಫೋರ್ಕ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದರು. ಟಕ್ ಅಂದರೆ ಹ್ಯಾಂಡಲ್ಲಿನ ಬೇರಿಂಗು ಸಡಿಲ ಅಂತ ಅರ್ಥ. ಇಂಜಿನ್ ನೋಡಿದ್ದು ಎಲ್ಲಕ್ಕಿಂತ ಕೊನೆಗೆ. ಇಂಜಿನ್ ಕೆಟ್ಟರೆ ನೀವು ದಾರಿಯಲ್ಲಿ ನಿಲ್ಲುತ್ತೀರಿ, ಗಾಲಿ ಕೆಟ್ಟರೆ ಮನೆಯವರು ದಾರಿ ನೋಡುತ್ತಾರೆ, ಇದು ಅವರ ಲೆಕ್ಕ.

ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಹಳೇ ಗಾಡಿ ಇದ್ದವರು ಕತ್ತರಿಸಿ ಇಟ್ಟುಕೊಳ್ಳಿ.

ಬ್ರೇಕು: ಡ್ರಮ್ಮಿನ ಒಳಗಿನ ಲೈನಿಂಗು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಮರೆಯುತ್ತೇವೆ. ಮಳೆಗಾಲದ ಮುಂಚೆ ಒಮ್ಮೆ, ನಂತರ ಒಮ್ಮೆ ಗಾಲಿ ಕಳಚಿ ನೋಡಲೇಬೇಕು. ಲೈನಿಂಗು ಕನ್ನಡಿ ಹಾಗೆ ಹೊಳೆಯುತ್ತಿದ್ದರೆ ಹಿಡಿತ ಹೋಗಿದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಅಂಟು ಬಿಟ್ಟು ಲೈನಿಂಗು ಕಳಚಿಕೊಳ್ಳುವುದೂ ಉಂಟು. ಕಳಚಿ ಡ್ರಮ್ಮಿಗೆ ಸಿಕ್ಕಿಕೊಂಡರೆ ಗಾಲಿ ಒಮ್ಮೆಲೇ ಕಚ್ಚಿಕೊಳ್ಳುತ್ತದೆ. ಇನ್ನೊಂದು ಮಾತು. ಹಳೇ ಕಾಲದ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಆ ಧೂಳು ಶ್ವಾಸಕೋಶಕ್ಕೆ ವಿಷ. ಬಾಯಿಂದ ಉಫ್ ಎಂದು ಊದಬೇಡಿ, ಗಾಳಿ ಹೊಡೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಗ್ಯಾರೇಜಿನ ಹುಡುಗರಿಗೂ ಹೇಳಿ.

ನಮ್ಮವರಿಗೆ ಮುಂದಿನ ಬ್ರೇಕು ಎಂದರೆ ಭಯ, ಹಿಡಿದರೆ ಪಲ್ಟಿ ಅಂತ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ನಿಲ್ಲಿಸುವ ಕೆಲಸದಲ್ಲಿ ದೊಡ್ಡ ಪಾಲು ಮುಂದಿನ ಗಾಲಿಯದ್ದೇ. ಗಾಡಿ ನೆಟ್ಟಗಿರುವಾಗ ಎರಡೂ ಒಟ್ಟಿಗೆ, ಮೆಲ್ಲಗೆ ಒತ್ತುತ್ತಾ ಬನ್ನಿ. ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನೊಳಗೆ ಅಲ್ಲ. ನೀರು ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಹೋಗಿ. ಶೂ ಬಿಸಿಯಾಗಿ ಒಣಗುತ್ತದೆ. ಇಷ್ಟು ಗೊತ್ತಿದ್ದರೆ ನಾನು ಚರಂಡಿಗೆ ಬೀಳುತ್ತಿರಲಿಲ್ಲ.

ಕೇಬಲ್ಲು: ತುದಿಯ ಗುಂಡಿನ ಹತ್ತಿರ ಒಂದೇ ಒಂದು ಎಳೆ ಕಿತ್ತು ಬಂದಿದ್ದರೂ ಬದಲಿಸಿ. ಮಿಕ್ಕ ಎಳೆಗಳು ನಿಮ್ಮ ಅಜ್ಜನ ಹರಕೆಯಿಂದ ನಿಂತಿರುವುದಿಲ್ಲ. ಕ್ಲಚ್ಚಿನದೊಂದು, ಆಕ್ಸಿಲರೇಟರಿನದೊಂದು ಹೆಚ್ಚಿನ ಕೇಬಲ್ಲು ಸೀಟಿನ ಅಡಿ ಇರಲಿ. ಹಿಂದಿನ ಬ್ರೇಕಿನ ಸರಳಿಗೆ ಹಾಕುವ ಪಿನ್ನು ನೋಡಿ. ಎಷ್ಟೋ ಗಾಡಿಯಲ್ಲಿ ಅದರ ಬದಲು ಬೇಲಿ ತಂತಿ ಸುತ್ತಿರುತ್ತಾರೆ.

ಟೈರು: ಗೆರೆ ನೋಡಿ ಮೋಸ ಹೋಗಬೇಡಿ. ರಬ್ಬರಿಗೂ ವಯಸ್ಸಾಗುತ್ತದೆ, ಕಲ್ಲಾಗುತ್ತದೆ, ಪಕ್ಕೆ ಬಿರಿಯುತ್ತದೆ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಅಂತ ಇದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು ಎಂದರ್ಥ. ನನ್ನ ಟೈರಿನ ಅಂಕಿ ನೋಡಿದಾಗ ಅದು ಹತ್ತು ವರ್ಷ ದಾಟಿತ್ತು. ಓಡಿದ್ದು ಕಮ್ಮಿ, ಆದ್ದರಿಂದ ಗೆರೆ ಹೊಸದರ ಹಾಗೇ ಇತ್ತು. ಅಂಗಡಿಯ ಸ್ನೇಹಿತರಿಗೂ ಒಂದು ಮಾತು. ಮೂಲೆಯಲ್ಲಿ ವರ್ಷಗಟ್ಟಲೆ ಕೂತ ಟೈರನ್ನು ಹೊಸದು ಅಂತ ಹುಡುಗರಿಗೆ ದಾಟಿಸಬೇಡಿ. ಅದರ ಮೇಲಿನ ಲಾಭ ತಿನ್ನುವ ಅನ್ನ ಆಗುವುದಿಲ್ಲ.

ಚೈನು: ಯೆಜ್ಡಿಯ ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಇರುತ್ತದೆ. ಮಳೆಗೆ, ಕೆಸರಿಗೆ ಅದು ಬಲು ಒಳ್ಳೆಯ ಏರ್ಪಾಡು. ಆದರೆ ಕಣ್ಣಿಗೆ ಕಾಣದ್ದು ಮನಸ್ಸಿಗೂ ಬರುವುದಿಲ್ಲ. ಎಣ್ಣೆ ಕಾಣದೆ ತುಕ್ಕು ಹಿಡಿದು ತುಂಡಾದರೆ ಒಳಗೇ ಸುತ್ತಿಕೊಂಡು ಹಿಂದಿನ ಗಾಲಿ ಹಿಡಿದುಬಿಡಬಹುದು.

ಘಾಟಿ ಇಳಿಯುವಾಗ ಇದು ಗೊತ್ತಿರಲಿ

ಹೊಸ ಹುಡುಗರಿಗೆ ಗೊತ್ತಿಲ್ಲದ, ಹಳಬರು ಹೇಳಲು ಮರೆಯುವ ಸಂಗತಿ ಒಂದಿದೆ. ನಾಲ್ಕು ಸ್ಟ್ರೋಕಿನ ಇಂಜಿನ್ನಿಗೆ ಕೆಳಗೆ ಎಣ್ಣೆಯ ತೊಟ್ಟಿ ಇರುತ್ತದೆ. ಯೆಜ್ಡಿಯ ಪಿಸ್ಟನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಯಲ್ಲೇ. ಲೀಟರಿಗೆ ಸುಮಾರು 40 ಮಿ.ಲೀ., ಎಂದರೆ 25ಕ್ಕೆ 1 ಅಂತ ಬೆರೆಸಿ ಹಾಕುವ ಟೂ-ಟಿ ಎಣ್ಣೆಯೇ ಅದರ ಜೀವ.

ಈಗ ಆಗುಂಬೆ ಘಾಟಿ ಇಳಿಯುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಹದಿನಾಲ್ಕು ಹೇರ್‌ಪಿನ್ ತಿರುವು. ಇಲ್ಲವೇ ಮಾಸ್ತಿಕಟ್ಟೆಯಿಂದ ಹುಲಿಕಲ್ ಘಾಟಿ. ಇಳಿಜಾರಲ್ಲವಾ ಅಂತ ಆಕ್ಸಿಲರೇಟರ್ ಪೂರ್ತಿ ಮುಚ್ಚಿ, ಗೇರಿನಲ್ಲೇ ಇಂಜಿನ್ ತಿರುಗಲು ಬಿಟ್ಟು ಇಳಿಯುತ್ತೀರಿ. ಪೆಟ್ರೋಲ್ ಹೋಗುತ್ತಿಲ್ಲ ಎಂದರೆ ಎಣ್ಣೆಯೂ ಹೋಗುತ್ತಿಲ್ಲ. ಪಿಸ್ಟನ್ ಮಾತ್ರ ತಿರುಗುತ್ತಲೇ ಇದೆ. ಒಣಗಿದ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಇದಕ್ಕೇ ಸೀಜ್ ಆಯಿತು ಅನ್ನುವುದು. ಆ ಕ್ಷಣ ಹಿಂದಿನ ಗಾಲಿಯೂ ನಿಂತುಬಿಡುತ್ತದೆ. ಒದ್ದೆ ರಸ್ತೆ, ಒಂದು ಕಡೆ ಪ್ರಪಾತ. ಮುಂದಿನದ್ದು ಹೇಳಬೇಕೆ?

ಉಪಾಯ ಸುಲಭ. ಇಳಿಯುವಾಗ ಆಗಾಗ ಆಕ್ಸಿಲರೇಟರನ್ನು ಒಂದಿಷ್ಟು ತೆರೆದು ಇಂಜಿನ್ನಿಗೆ ಎಣ್ಣೆ ಕುಡಿಸಿ. ಎರಡು ಬೆರಳು ಯಾವಾಗಲೂ ಕ್ಲಚ್ಚಿನ ಮೇಲಿರಲಿ. ಇಂಜಿನ್ ಬಿಗಿಯಾದಂತೆ ಅನಿಸಿದ ತಕ್ಷಣ ಕ್ಲಚ್ ಹಿಡಿದರೆ ಗಾಲಿ ಬಿಡುಗಡೆಯಾಗುತ್ತದೆ. ಇನ್ನು ಎರಡು ಸ್ಟ್ರೋಕಿನ ಇಂಜಿನ್ ಇಳಿಜಾರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸುವುದು ಅಷ್ಟಕ್ಕಷ್ಟೆ. ಹೊರೆಯೆಲ್ಲ ಬ್ರೇಕಿನ ಮೇಲೆ. ಹಿಡಿದೇ ಇಳಿದರೆ ಡ್ರಮ್ಮು ಕಾದು ಹಿಡಿತ ಸೋಲುತ್ತದೆ. ಸುಟ್ಟ ವಾಸನೆ ಬಂದರೆ ಬದಿಗೆ ನಿಲ್ಲಿಸಿ, ತಣ್ಣಗಾಗಲಿ. ಘಾಟಿ ಎಲ್ಲೂ ಓಡಿಹೋಗುವುದಿಲ್ಲ.

ಬುಲೆಟ್ ಇದ್ದವರಿಗೂ ಒಂದು ಎಚ್ಚರಿಕೆ. ಹಳೇ ಬುಲೆಟ್ಟಿನ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಹೊಸ ಗಾಡಿಗಳಲ್ಲಿ ಉಲ್ಟಾ. ಹೊಸದರಲ್ಲಿ ಪಳಗಿದ ಮಗ ಅಪ್ಪನ ಬುಲೆಟ್ ತೆಗೆದರೆ ಗಾಬರಿಯಲ್ಲಿ ಬ್ರೇಕ್ ಅಂತ ಗೇರು ತುಳಿಯುತ್ತಾನೆ. ಖಾಲಿ ಮೈದಾನದಲ್ಲಿ ನಾಲ್ಕು ದಿನ ಕಾಲಿಗೆ ಪಾಠ ಮಾಡಿಸಿ ಆಮೇಲೆ ರಸ್ತೆಗೆ ಬಿಡಿ.

ಪೆಟ್ರೋಲೂ ಬದಲಾಗಿದೆ

ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲು. ಯೆಜ್ಡಿ ಹುಟ್ಟಿದಾಗ ಇದು ಇರಲಿಲ್ಲ. ಎಥೆನಾಲ್ ಹಳೇ ರಬ್ಬರ್ ಪೈಪನ್ನು, ವಾಷರನ್ನು ಮೆತ್ತಗೆ ಮಾಡುತ್ತದೆ. ಗಾಳಿಯ ತೇವವನ್ನೂ ಹೀರುತ್ತದೆ. ನಮ್ಮಲ್ಲಿ ತೇವಕ್ಕೇನು ಬರವೆ? ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ. ಮಳೆಗಾಲವಿಡೀ ಅರ್ಧ ಟ್ಯಾಂಕಿನಲ್ಲಿ ನಿಂತ ಗಾಡಿಯ ಪೆಟ್ರೋಲಿನಲ್ಲಿ ನೀರು ಸೇರಿ ಅಡಿಯಲ್ಲಿ ಕೂರುತ್ತದೆ, ಟ್ಯಾಂಕು ಒಳಗಿಂದ ತುಕ್ಕು ಹಿಡಿಯುತ್ತದೆ. ಘಾಟಿ ಹತ್ತುವಾಗ ಹಿಂದೆ ಲಾರಿ ಇರುವಾಗಲೇ ಗಾಡಿ ಕೆಮ್ಮಿ ನಿಲ್ಲುವುದು ಹೀಗೆ.

ಅದಕ್ಕೆ ಪೈಪುಗಳನ್ನು ಎಥೆನಾಲ್ ತಡೆಯುವ ಜಾತಿಗೆ ಬದಲಿಸಿ. ಪೆಟ್ರೋಲ್ ಜಿನುಗಿ ಬಿಸಿ ಇಂಜಿನ್ ಮೇಲೆ ಬಿದ್ದರೆ ಬೆಂಕಿ ಅನ್ನುವುದು ನೆನಪಿರಲಿ. ತಿಂಗಳುಗಟ್ಟಲೆ ಓಡಿಸುವುದಿಲ್ಲ ಅಂತಾದರೆ ಟ್ಯಾಂಕನ್ನೂ ಕಾರ್ಬುರೇಟರನ್ನೂ ಖಾಲಿ ಮಾಡಿ ಇಡಿ. ಒಳಗೆ ತುಕ್ಕು ಹಿಡಿಯದಂತೆ ಒಂದಿಷ್ಟು ಎಣ್ಣೆ ಹಾಕಿ ಟ್ಯಾಂಕನ್ನು ಅತ್ತಿತ್ತ ಹೊರಳಿಸಿದರೆ ಸಾಕು. ಬೆರೆಸಿದ ಪೆಟ್ರೋಲನ್ನು ವರ್ಷಕ್ಕೆ ಅಂತ ಡಬ್ಬದಲ್ಲಿ ಕೂಡಿಡಬೇಡಿ.

ಚಿಮಣಿ ದೀಪ

ರಾತ್ರಿ ಅಂಗಡಿ ಮುಚ್ಚಿ ಹತ್ತಾರು ಕಿಲೋಮೀಟರು ಹಳ್ಳಿಗೆ ಹೋಗುವ ವ್ಯಾಪಾರಿ ಮಿತ್ರರೇ, ನಿಮ್ಮ ಗಾಡಿಯ ದೀಪದ ಬೆಳಕಿನಲ್ಲಿ ಎದುರಿನ ದನ ಎಷ್ಟು ದೂರಕ್ಕೆ ಕಾಣುತ್ತದೆ? ಹಳೇ ಗಾಡಿಗಳದು 6 ವೋಲ್ಟಿನ ಏರ್ಪಾಡು. ಮೊದಲೇ ಚಿಮಣಿ, ಅದಕ್ಕೆ ತುಕ್ಕು ಹಿಡಿದ ಅರ್ತಿಂಗು ಸೇರಿದರೆ ಮಿಣುಕುಹುಳ. ಅರ್ತಿಂಗಿನ ಜಾಗ ಕೆರೆದು ಚೊಕ್ಕ ಮಾಡಿ, ಮಾಸಿದ ರಿಫ್ಲೆಕ್ಟರ್ ಬದಲಿಸಿ, ಅರ್ಧ ಬೆಳಕು ವಾಪಸ್ ಬರುತ್ತದೆ. 12 ವೋಲ್ಟಿಗೆ ಏರಿಸುವುದಾದರೆ ತಿಳಿದವರ ಕೈಯಲ್ಲೇ ಮಾಡಿಸಿ. ಎದುರಿನವನ ಕಣ್ಣು ಕುರುಡಾಗಿಸುವ ಬಿಳಿ ಲೈಟು ಹಾಕಿಕೊಂಡರೆ ಅವನು ಬಂದು ಗುದ್ದುವುದು ನಿಮಗೇ. ಮುಖ್ಯವಾಗಿ ಹಿಂದಿನ ಕೆಂಪು ದೀಪ, ಬ್ರೇಕ್ ಲೈಟು ಉರಿಯುತ್ತಿರಲಿ. ಮೇಗರವಳ್ಳಿ, ಗುಡ್ಡೇಕೇರಿ ಕಡೆಯ ಮಂಜಿನಲ್ಲಿ ಹಿಂದಿನ ಬಸ್ಸಿನವನಿಗೆ ನೀವಿದ್ದೀರಿ ಅಂತ ಹೇಳುವುದು ಅದೊಂದೇ.

ಲಾಂಚು ಹೋಯಿತು, ಸೇತುವೆ ಬಂತು

ಇದೆಲ್ಲ ಈಗ ಯಾಕೆ ಅಂತೀರಾ? ಮೊದಲು ಸಾಗರದಿಂದ ಸಿಗಂದೂರಿಗೆ ಹೋಗುವವರು ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾಯುತ್ತಿದ್ದರು. ಕಾಯುವಷ್ಟು ಹೊತ್ತು ಗಾಡಿ ತಣ್ಣಗಾಗುತ್ತಿತ್ತು, ಸವಾರನ ತಲೆಯೂ ತಣ್ಣಗಾಗುತ್ತಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ದಶಕಗಳ ಕೂಗು ಈಡೇರಿತು, ಹಿನ್ನೀರಿನ ಜನಕ್ಕೆ ಬದುಕು ಸಿಕ್ಕಿತು, ಸಂತೋಷ. ಆದರೆ ಈಗ ತಡೆಯಿಲ್ಲ. ಸಾಗರ ಬಿಟ್ಟವರು ಒಂದೇ ಉಸಿರಿಗೆ ಸಿಗಂದೂರು, ಅಲ್ಲಿಂದ ಕೊಲ್ಲೂರು. ಸೇತುವೆ ಹೊಸದು, ಆಚೆಗಿನ ತಿರುವುಗಳು ಹಳೆಯವು, ಗಾಡಿ ಅದಕ್ಕೂ ಹಳೆಯದು. ಹಾಗಾಗಿ ಆ ಲಾಂಚಿನ ವಿರಾಮವನ್ನು ಈಗ ನಾವೇ ಕೊಟ್ಟುಕೊಳ್ಳಬೇಕು.

ಕಾಗದದ ವಿಚಾರವೂ ಒಂದಿಷ್ಟು. ಖಾಸಗಿ ಗಾಡಿಯ ನೋಂದಣಿ 15 ವರ್ಷಕ್ಕೆ. ಆಮೇಲೆ ಗಾಡಿ ತೋರಿಸಿ, ತಪಾಸಣೆ ಆಗಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಇನ್ಶೂರೆನ್ಸ್ ಚಾಲ್ತಿಯಲ್ಲಿರಲೇಬೇಕು. ಇಲ್ಲದಿದ್ದರೆ ನಿಮ್ಮ ಗಾಡಿ ಯಾರಿಗಾದರೂ ತಗುಲಿದ ದಿನ ಅಡಿಕೆ ತೋಟ ಮಾರಿದರೂ ಸಾಲದು. ಎಫ್.ಸಿ. ದಿನಕ್ಕೆ ಅಂತ ಸ್ನೇಹಿತನ ಗಾಡಿಯ ಟೈರು ಸಾಲ ತಂದು ಹಾಕಿ ಸಂಜೆ ವಾಪಸ್ ಕೊಡುವ ಪ್ರತಾಪಿಗಳೂ ಇದ್ದಾರೆ. ಸ್ವಾಮಿ, ಪರೀಕ್ಷೆ ಮಾಡುವುದು ಸಾಹೇಬರಲ್ಲ, ಘಾಟಿಯ ತಿರುವು. ಅಲ್ಲಿ ಟೈರು ಸಾಲ ಸಿಗುವುದಿಲ್ಲ.

ಹೆಲ್ಮೆಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐ.ಎಸ್.ಐ. ಗುರುತಿನದು, ಪಟ್ಟಿ ಬಿಗಿದದ್ದು, ಹಿಂದೆ ಕೂತವರಿಗೂ ಒಂದು. ಹ್ಯಾಂಡಲ್ಲಿಗೆ ನೇತುಹಾಕಿದರೆ ಹ್ಯಾಂಡಲ್ಲಿಗೆ ಮಾತ್ರ ಕ್ಷೇಮ.

ಐದು ನಿಮಿಷ

ಹೊರಡುವ ಮುಂಚೆ ಐದೇ ನಿಮಿಷ. ಎರಡೂ ಟೈರು ಒತ್ತಿ ನೋಡಿ. ಎರಡೂ ಬ್ರೇಕು ಹಿಡಿದು ಗಾಡಿ ತಳ್ಳಿ ನೋಡಿ. ಕೇಬಲ್ ತುದಿ ನೋಡಿ. ದೀಪ ಮೂರೂ ಹಾಕಿ ನೋಡಿ. ಗಾಡಿಯ ಕೆಳಗೆ ನೆಲದ ಮೇಲೆ ಪೆಟ್ರೋಲಿನ ತೊಟ್ಟು ಬಿದ್ದಿದೆಯಾ ಬಗ್ಗಿ ನೋಡಿ. ಆಮೇಲೆ ಕಿಕ್ ಹೊಡೆಯಿರಿ.

ಯೆಜ್ಡಿ ಬಲ್ಲ ಮೇಸ್ತ್ರಿಗಳು ನಮ್ಮ ಮೂರು ತಾಲ್ಲೂಕಿನಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದಾರೆ. ಅವರ ಕಣ್ಣು ಮಂಜಾಗುವ ಮುಂಚೆ ಹುಡುಗರು ಹತ್ತಿರ ಕೂತು ಕಡ್ಡಿ ತಟ್ಟುವುದು, ಶೂ ಕೂರಿಸುವುದು ಕಲಿತುಕೊಳ್ಳಲಿ. ಇಂಜಿನ್ ಬಿಚ್ಚುವುದು ಆಮೇಲೆ.

ನಾನು ಬಿದ್ದ ರಾತ್ರಿ ನಮ್ಮ ಮನೆಯಲ್ಲಿ ಅಮ್ಮ ಒಂಬತ್ತರವರೆಗೆ ಗಾಡಿಯ ಶಬ್ದಕ್ಕೆ ಕಿವಿ ಕೊಟ್ಟು ಕೂತಿದ್ದರಂತೆ. ಬಚ್ಚಲೊಲೆ ಉರಿದು ಉರಿದು ಆರಿತ್ತಂತೆ. ಮಲೆನಾಡಿನ ಮನೆಗಳಲ್ಲಿ ಆ ಶಬ್ದಕ್ಕೆ ಇವತ್ತೂ ಯಾರೋ ಕಾಯುತ್ತಿರುತ್ತಾರೆ. ತಿರುವಿನಲ್ಲಿ ಕೇಳಿಸಿದ ಗಾಡಿ ಅಂಗಳದಲ್ಲಿ ಬಂದು ನಿಲ್ಲಬೇಕು. ನಿಲ್ಲಬೇಕು ಅಂದರೆ ಬ್ರೇಕು ಸರಿಯಿರಬೇಕು. ಇಷ್ಟೇ ವಿಷಯ.